ಇನ್ನೊಬ್ಬ ಮಾರಿಟ್

ಕಾರಿನ ಬಾಗಿಲು ಹಾಕುವ ಮೊದಲು ಮಗಳು ಹೇಳಿದ್ದು ಒಂದೇ ಮಾತು: "ಅಮ್ಮಾ, ದಯವಿಟ್ಟು ಇಳೀಬೇಡ." ಇಳಿಯಬೇಡ ಎಂದಷ್ಟೇ ಹೇಳಿದ್ದರೆ ಹದಿನೇಳರ ಹುಡುಗಿಯ ಸಿಡುಕು ಎಂದು ರೊಂಡಾ ನುಂಗಿಕೊಳ್ಳುತ್ತಿದ್ದಳು. ಆ 'ದಯವಿಟ್ಟು' ಮಾತ್ರ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. ಅದು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಸ್ವಲ್ಪ ಸರಿಯಿರಿ ಎನ್ನುವಾಗಿನ ದಯವಿಟ್ಟು. ಗಾಜಿನಾಚೆ ಮಾರಿಟ್ ಕಾಫಿ ಅಂಗಡಿಯ ಕಡೆ ನಡೆದು ಹೋದಳು. ಆ ನೀಲಿ ಕೋಟನ್ನು ಆರಿಸಿದವಳು ರೊಂಡಾ, ಗುಂಡಿ ಹಾಕಿಕೋ ಎಂದವಳು ರೊಂಡಾ. ಅಂಗಡಿಯ ಬಾಗಿಲು ಮುಟ್ಟುವ ಮೊದಲೇ ಅಷ್ಟೂ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದವಳು ಮಾರಿಟ್. ಇದನ್ನು ನೋಡಿ ತನಗೆ ನೋವಾಯಿತೋ ಸಮಾಧಾನವಾಯಿತೋ ರೊಂಡಾಳಿಗೆ ತಿಳಿಯಲಿಲ್ಲ. ಈ ನಾಲ್ಕಾರು ತಿಂಗಳಿಂದ ಅವಳಿಗೆ ಏನಾಗುತ್ತಿದ್ದರೂ ಅದರ ಹೆಸರು ತಿಳಿಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಹಸಿವು ಅನಿಸಿದ್ದು ಹೆದರಿಕೆಯಾಗಿರುತ್ತಿತ್ತು, ಹೆದರಿಕೆ ಅಂದುಕೊಂಡದ್ದು ಕೋಪವಾಗಿರುತ್ತಿತ್ತು.

ಮಾರಿಟ್ ಅರ್ಜಿ ಹಾಕಿದ್ದ ಒಂದು ಕಾಲೇಜು ಇದ್ದದ್ದು ದೂರದ ಪೂರ್ವ ತೀರದಲ್ಲಿ. ಅಲ್ಲಿಂದ ವಿಸ್ಕಾನ್ಸಿನ್‌ನ ಈ ಊರಿಗೆ ಯಾರು ಬರುತ್ತಾರೆ? ಅದಕ್ಕೇ ಕಾಲೇಜಿನವರು, ಎಂದೋ ತಮ್ಮಲ್ಲಿ ಓದಿ ಈಗ ಈ ಕಡೆ ನೆಲೆಸಿರುವ ಯಾರಾದರೊಬ್ಬರನ್ನು ಹಿಡಿದು, ಇಂಥ ಹುಡುಗಿ ಅರ್ಜಿ ಹಾಕಿದ್ದಾಳೆ, ಎಲ್ಲಾದರೂ ಕೂತು ಮಾತಾಡಿಸಿ ಹೇಗಿದ್ದಾಳೆ ತಿಳಿಸಿ ಎಂದು ಒಪ್ಪಿಸುತ್ತಾರೆ. ಅವರು ಮಕ್ಕಳನ್ನು ಇಂಥ ಕಾಫಿ ಅಂಗಡಿಗೆ ಕರೆಯುತ್ತಾರೆ. ಹೊರಗೆ ಕಾರುಗಳಲ್ಲಿ ತಾಯಂದಿರು ಕಾಯುತ್ತಾರೆ. ಸೆಪ್ಟೆಂಬರಿನಲ್ಲಿ ಶಾಲೆಯ ಗ್ರಂಥಾಲಯದಲ್ಲಿ ತಂದೆತಾಯಿಗಳ ಸಭೆ ಕರೆದಿದ್ದ ಸಲಹೆಗಾರ್ತಿ ಈ ವಿಷಯ ಖಡಾಖಂಡಿತವಾಗಿ ಹೇಳಿದ್ದಳು: "ಒಳಗೆ ಅಪ್ಪ ಅಮ್ಮನ ನೆರಳೂ ಬೀಳಬಾರದು. ಬಂದಿರೋದು ಹುಡುಗೀನೋ ಅವಳಮ್ಮಾನೋ ಅಂತ ಅವರಿಗೆ ಅನುಮಾನ ಬಂತೋ, ಮುಗೀತು." ಎಲ್ಲರೂ ನಕ್ಕಿದ್ದರು. ಆಮೇಲೆ ಪ್ರಶ್ನೆಗಳ ಹೊತ್ತಿನಲ್ಲಿ ರೊಂಡಾ ಎದ್ದು, "ನಾವು ಒಂಬತ್ತು ಕಾಲೇಜಿಗೆ ಹಾಕ್ತಿದೀವಿ, ಅದರಲ್ಲಿ..." ಎಂದು ಶುರು ಮಾಡಿದಾಗ ಆ ಹೆಂಗಸು ತಲೆ ವಾರೆ ಮಾಡಿ, "ಅಯ್ಯೋ, ಹೌದಾ? ನೀವೂ ಓದೋಕೆ ಹೋಗ್ತಿದೀರಾ?" ಅಂದಿದ್ದಳು. ಈ ಸಲದ ನಗು ಮೊದಲಿನದಕ್ಕಿಂತ ಉದ್ದವಾಗಿತ್ತು. ಪಕ್ಕದಲ್ಲಿ ಕೂತ ಮಾರಿಟ್ ತನ್ನ ಶೂಗಳ ತುದಿ ನೋಡುತ್ತಿದ್ದಳು. ಗಂಡ ವೇಯ್ನ್ ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಅವನಿಗೆ ಎಲ್ಲಿ ಯಾರ ಜೊತೆ ನಗಬೇಕು ಎಂಬ ಗೊಂದಲವೇ ಇರಲಿಲ್ಲ.

ಕಾರಿನಲ್ಲಿ ಚಳಿ ಏರುತ್ತಿತ್ತು. ಡಿಸೆಂಬರಿನ ಮೊದಲ ಶನಿವಾರ. ಆಕಾಶ ಹಳೆಯ ಪಾತ್ರೆಯ ತಳದ ಹಾಗೆ ಬೂದು. ಎಂಜಿನ್ ಹಾಕಿಟ್ಟರೆ ಒಳಗೆ ಕೂತವರು ನೋಡಬಹುದೆಂದು ರೊಂಡಾ ಆರಿಸಿದ್ದಳು. ನೋಡಿದರೇನು, ಕಾರಿನಲ್ಲಿ ತಾಯಿ ಇರುತ್ತಾಳೆಂದು ಎಲ್ಲರಿಗೂ ಗೊತ್ತಲ್ಲ ಎಂದು ಆಮೇಲೆ ಹೊಳೆಯಿತು, ಆದರೆ ಮತ್ತೆ ಹಾಕಲು ಕೈ ಬರಲಿಲ್ಲ. ಬೆಳಿಗ್ಗೆಯಿಂದ ಕುಡಿದ ಕಾಫಿಯೆಲ್ಲ ಈಗ ಹೊಟ್ಟೆಯ ಕೆಳಗೆ ಬಂದು ಒತ್ತುತ್ತಿತ್ತು. ಐವತ್ತರ ಹೆಂಗಸಿಗೆ ಇದು ಹೊಸತಲ್ಲ. ಕಾಲು ಅಡ್ಡಹಾಕಿ ಕೂತಳು. ಬೇರೆ ಏನಾದರೂ ಯೋಚಿಸೋಣವೆಂದರೆ ಆ ಅಡಿಗೆಮನೆಯ ಮೇಜೇ ಕಣ್ಣ ಮುಂದೆ ಬಂತು. ಅಕ್ಟೋಬರ್ ಇಡೀ ಮಾರಿಟ್ ಆ ಮೇಜಿನ ಮುಂದೆ ಕೂತು ಅರ್ಜಿಯ ಪ್ರಬಂಧ ಬರೆದು ಬರೆದು ಅಳಿಸಿದ್ದಳು. ಎಲ್ಲ ಕಾಲೇಜೂ ಒಂದೇ ಕೇಳುತ್ತಿದ್ದವು: ನಿನ್ನನ್ನು ನೀನಾಗಿ ಮಾಡಿದ ಒಂದು ಘಟನೆ ಹೇಳು. ಕೊನೆಗೊಂದು ದಿನ ಮಾರಿಟ್ ಮೇಜಿನ ಮೇಲೆ ಹಣೆ ಇಟ್ಟು, "ನನಗೇನೂ ಆಗಿಲ್ಲ ಅಮ್ಮ. ನನ್ನ ಜೀವನದಲ್ಲಿ ಏನೂ ಆಗೇ ಇಲ್ಲ," ಅಂದಳು. ವೇಯ್ನ್ ಫ್ರಿಜ್ಜಿನೊಳಗೆ ತಲೆ ಹಾಕಿದ್ದವನು, "ಬೇಕಾದ್ರೆ ನಾನು ಮನೆ ಬಿಟ್ಟು ಓಡಿ ಹೋಗ್ತೀನಿ ಕಣೆ. ಒಂದು ಪುಟಕ್ಕಾಗತ್ತೆ. ನಿಮ್ಮಮ್ಮ ಅತ್ರೆ ಎರಡು ಪುಟ," ಅಂದ. ಮಾರಿಟ್ ಹಣೆ ಎತ್ತದೆಯೇ ನಕ್ಕಳು. ರೊಂಡಾ ನಗಲಿಲ್ಲ. ಏನೂ ಆಗದಿರಲಿ ಎಂದೇ ಅಲ್ಲವೇ ಇಷ್ಟು ವರ್ಷ. ಜ್ವರ ಬಂದರೆ ರಾತ್ರಿಯಿಡೀ, ಈಜು ಕಲಿಯುವಾಗ ಕೊಳದ ಅಂಚಿನಲ್ಲಿ, ಒಬ್ಬ ಗೆಳತಿ ಮಾತು ಬಿಟ್ಟಾಗ ಆ ಗೆಳತಿಯ ತಾಯಿಗೆ ಫೋನು. ಆಗಬಾರದ್ದು ಒಂದೂ ಬಾಗಿಲು ದಾಟದ ಹಾಗೆ ಕಾದಿದ್ದಳು. ಈಗ ಮಗಳ ಕೈ ಖಾಲಿ. ಅದನ್ನು ಖಾಲಿ ಮಾಡಿಟ್ಟವಳು ತಾನೇ. "ಏನಾದ್ರೂ ಇದ್ದೇ ಇರತ್ತೆ, ಸರಿಯಾಗಿ ಯೋಚನೆ ಮಾಡು," ಎಂದು ಮಾತ್ರ ಹೇಳಿದ್ದಳು, ಕಳೆದ ಬೀಗದ ಕೈ ಹುಡುಕಲು ಹೇಳುವ ಹಾಗೆ.

ಇನ್ನು ತಡೆಯಲಾಗಲಿಲ್ಲ. ಇಳಿದಳು. ಬೇರೆ ಅಂಗಡಿಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಕೊರಳಪಟ್ಟಿ ಮೇಲಕ್ಕೆತ್ತಿ, ಮುಖ ಗೋಡೆಯ ಕಡೆ ತಿರುಗಿಸಿ, ಒಳಗೆ ಹೋಗಿ ನೇರ ಶೌಚಾಲಯದ ಬಾಗಿಲು ತಳ್ಳಿದಳು. ಬಾಗಿಲಿಗೆ ಅಂಕಿ ಒತ್ತುವ ಬೀಗ. ಅಂಕಿ ಬೇಕಾದರೆ ರಸೀದಿ ಬೇಕು, ರಸೀದಿ ಬೇಕಾದರೆ ಏನಾದರೂ ಕೊಳ್ಳಬೇಕು. ಕೌಂಟರಿನ ಹಿಂದಿದ್ದ ಹುಡುಗಿ, ಮೂಗಿನಲ್ಲಿ ಬೆಳ್ಳಿ ರಿಂಗು, "ಏನು ಕೊಡಲಿ?" ಅಂದಳು. ಏನಾದರೂ ಕೊಡು, ಎಂದು ರೊಂಡಾ ಪಿಸುಗುಟ್ಟಿದಳು. "ಏನಾದ್ರೂ ಅನ್ನೋದು ನಮ್ಮಲ್ಲಿ ಖಾಲಿ ಆಂಟಿ. ಚಿಕ್ಕ ಕಾಫಿ ಕೊಡ್ಲಾ? ಹೆಸರು?" ಹೆಸರು ಹೇಳಿದರೆ ಅದನ್ನು ಆಮೇಲೆ ಕೂಗುತ್ತಾರೆ. ರೊಂಡಾ ಎಂದು ಕೂಗಿದರೆ ಅಲ್ಲಿ ಕೂತ ಮಗಳಿಗೆ ತಿಳಿಯುತ್ತದೆ. ಏನೋ ಒಂದು ಹೆಸರು, ಯಾವುದಾದರೂ ಬೇರೆ ಹೆಸರು ಎಂದು ತಡಕಾಡಿದ ಬಾಯಿಗೆ ಹದಿನೇಳು ವರ್ಷದಿಂದ ಪ್ರತಿ ಅರ್ಜಿಯಲ್ಲಿ, ಪ್ರತಿ ಡಾಕ್ಟರರ ಮುಂದೆ, ಪ್ರತಿ ಶಾಲೆಯ ಕೌಂಟರಿನಲ್ಲಿ ಹೇಳಿ ರೂಢಿಯಾದದ್ದೇ ಬಂತು. "ಮಾರಿಟ್," ಅಂದಳು.

ಶೌಚಾಲಯದಿಂದ ಹೊರಬರುವಾಗ, ಕಾಫಿ ಬಿಟ್ಟು ಹೋಗಿಬಿಡೋಣ ಎಂದೇ ಕಾಲು ಬಾಗಿಲ ಕಡೆ ತಿರುಗಿತ್ತು. ಆಗ ಆ ಹುಡುಗಿ ಇಡೀ ಅಂಗಡಿಗೆ ಕೇಳಿಸುವಂತೆ ಕೂಗಿದಳು: "ಮಾರಿಟ್! ಚಿಕ್ಕ ಕಾಫಿ, ಮಾರಿಟ್!"

ಕಿಟಕಿಯ ಪಕ್ಕದ ಮೇಜಿನಿಂದ ಮಾರಿಟ್ ಅರ್ಧ ಎದ್ದಳು. ಎದುರಿಗೆ ಕೂತಿದ್ದ ಮುದುಕರು, ಕಂದು ಸ್ವೆಟರು, ಕಿವಿಯ ಹಿಂದೆ ಶ್ರವಣಯಂತ್ರ, "ನೀನು ಇನ್ನೊಂದು ಹೇಳಿದ್ಯಾ ಮಗು?" ಎಂದರು. ಇಲ್ಲ ಎನ್ನಲು ಹೋದ ಮಗಳ ಕಣ್ಣು ರೊಂಡಾಳ ಮೇಲೆ ಬಿತ್ತು. ಬಿದ್ದು ನಿಂತಿತು. ಮುದುಕರೂ ತಿರುಗಿದರು. ಮೂವರು ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದರು. ರೊಂಡಾ ಹೋಗಿ ಲೋಟ ತೆಗೆದುಕೊಂಡಳು.

"ಓಹೋ, ನಿಮ್ಮದಾ? ಈ ಹೆಸರು ನಾನು ಕೇಳಿದ್ದೇ ಇವತ್ತು, ಕೇಳಿದ್ದೇ ತಡ ಇಬ್ಬಿಬ್ಬರು!" ಮುದುಕರಿಗೆ ಖುಷಿಯೋ ಖುಷಿ. "ಇವಳೂ ಮಾರಿಟ್. ಎಲ್ಲಿಂದ ಬಂತು ನಿಮ್ಮ ಹೆಸರು?"

"ಅಜ್ಜಿ ಕಡೆಯಿಂದ," ಅಂದಳು ರೊಂಡಾ. ಅದು ಸುಳ್ಳೂ ಅಲ್ಲ. ತನ್ನ ಅಜ್ಜಿಯ ಹೆಸರನ್ನೇ ಮಗಳಿಗೆ ಇಟ್ಟದ್ದು.

"ನಾನು ಪ್ರೆಂಟಿಸ್. ಒಂದು ಸಹಾಯ. ನಿಮ್ಮ ಮೇಜಿನ ಈ ಕುರ್ಚಿ ತಗೊಳ್ಲಾ, ಕೋಟು ಹಾಕೋಕೆ? ಯಾರಾದ್ರೂ ಬರೋರಿದ್ದಾರಾ?"

ಯಾವ ಮೇಜು, ತಾನೆಲ್ಲಿ ಕೂತಿದ್ದೇನೆ? ನೋಡಿದರೆ ಅವಳು ಪಕ್ಕದ ಖಾಲಿ ಮೇಜಿನ ಮೇಲೆ ಲೋಟ ಇಟ್ಟು ನಿಂತಿದ್ದಳು. "ಇಲ್ಲ ಇಲ್ಲ, ತಗೊಳ್ಳಿ. ನನಗ್ಯಾರೂ ಇಲ್ಲ." ಹೇಳಿದ ಮೇಲೆ ಆ ಮಾತು ಬೇಕಾದ್ದಕ್ಕಿಂತ ದೊಡ್ಡದಾಗಿ ಗಾಳಿಯಲ್ಲಿ ನಿಂತಿತು. ಪ್ರೆಂಟಿಸ್ ಮರುಕದಿಂದ ತಲೆಯಾಡಿಸಿ ಕುರ್ಚಿ ಎಳೆದುಕೊಂಡರು. ಮಾರಿಟ್ ತನ್ನ ಲೋಟದ ಮುಚ್ಚಳ ನೋಡುತ್ತಿದ್ದಳು. ಈಗ ಎದ್ದು ಹೊರಟರೆ ವಿಚಿತ್ರವಾಗಿ ಕಾಣುತ್ತದೆ ಎಂದು ರೊಂಡಾ ಕೂತಳು. ಎರಡು ಗುಟುಕು ಕುಡಿದು ಹೋಗುವುದು ಎಂದುಕೊಂಡಳು. ಕಾಫಿ ನಾಲಿಗೆ ಸುಡುತ್ತಿತ್ತು. ಬೇಗ ಕುಡಿಯಲಾಗುವುದಿಲ್ಲ ಎಂಬುದು ಒಂದು ನೆಪವಾಯಿತು. ನೆಪವೆಂದು ಗೊತ್ತಿದ್ದೂ ಕೂತಳು. ಪ್ರೆಂಟಿಸರ ಬೆನ್ನು ಇವಳ ಕಡೆ, ಮಗಳ ಮುಖ ಇವಳ ಕಡೆ. ಹುಟ್ಟಿದ ದಿನದಿಂದ ನೋಡಿದ ಮುಖ ತನ್ನನ್ನು ಗುರುತಿಸದಿರಲು ಇಷ್ಟು ಕಷ್ಟಪಡುವುದನ್ನು ಅವಳು ಇದೇ ಮೊದಲು ನೋಡುತ್ತಿದ್ದಳು. ಚೆನ್ನಾಗಿ ಮಾಡುತ್ತಿದ್ದಾಳೆ ಎಂದು ಒಂದು ಹೆಮ್ಮೆಯೂ ಎದ್ದಿತು, ಆ ಹೆಮ್ಮೆಗೆ ಹೇಸಿಗೆಯೂ.

"ಎಲ್ಲಿದ್ವಿ? ಹಾಂ. ನೀನು ಕೆಲಸ ಗಿಲಸ ಏನಾದ್ರೂ ಮಾಡಿದೀಯಾ ಅಂತ ಕೇಳ್ತಿದ್ದೆ," ಅಂದರು ಪ್ರೆಂಟಿಸ್.

"ಮಾಡಿದೀನಿ ಸರ್," ಅಂದಳು ಮಾರಿಟ್. ಅವರ ಕಿವಿಗೆಂದು ದನಿ ಎತ್ತಿ, ಬಿಡಿಬಿಡಿಯಾಗಿ. "ನಮ್ಮಜ್ಜಿ ಒಂದು ಮೋಟೆಲ್‌ನಲ್ಲಿ ರೂಮು ಕ್ಲೀನ್ ಮಾಡ್ತಿದ್ರು. ಸರೋವರದ ದಡದಲ್ಲಿ. ಶನಿವಾರ ನಾನೂ ಜೊತೇಲಿ ಹೋಗ್ತಿದ್ದೆ. ಹಾಸಿಗೆ ಬಟ್ಟೆ ಬದಲಾಯಿಸೋಕೆ."

ರೊಂಡಾಳ ಕೈಯ ಲೋಟ ಮೇಜಿಗೆ ತಾಗಿ ಸದ್ದಾಯಿತು.

ಅದು ರೊಂಡಾಳ ಸ್ವಂತ ಕತೆ. ಮೂರು ವರ್ಷದ ಮಾರಿಟ್, ಐದು ವರ್ಷದ ಮಾರಿಟ್, ಹಾಸಿಗೆಯಲ್ಲಿ ಮೊಲದ ಬೊಂಬೆಯ ಕಿವಿ ಹಿಡಿದು, ಮೋಟೆಲಿನ ಕತೆ ಹೇಳು, ಮೋಟೆಲಿನ ಕತೆ ಹೇಳು ಎಂದು ಪೀಡಿಸುತ್ತಿದ್ದ ಕತೆ. ಒಂದು ಕೋಣೆಯಲ್ಲಿ ಒಬ್ಬಳೇ ಇಳಿದಿದ್ದ ಹೆಂಗಸು. ಮಂಚದ ತುಂಬ ಪುಸ್ತಕ, ಹಾಳೆ, ತೆರೆದವು ಕೆಲವು, ಮಗುಚಿಟ್ಟವು ಕೆಲವು. ದಿನಾ ಹೊಸ ಹೊದಿಕೆ ಹಾಕಲೇಬೇಕೆಂದು ಯಜಮಾನರ ಅಪ್ಪಣೆ. ಹನ್ನೆರಡು ವರ್ಷದ ಹುಡುಗಿ ಒಂದೊಂದೇ ಪುಸ್ತಕ ಎತ್ತಿ, ಹಳೆ ಹೊದಿಕೆ ಎಳೆದು, ಹೊಸತು ಹಾಸಿ, ಒಂದು ಹಾಳೆಯೂ ಮಗುಚದ ಹಾಗೆ ಮತ್ತೆ ಎಲ್ಲ ಇದ್ದಲ್ಲೇ ಇಟ್ಟಳು. ಆ ಹೆಂಗಸು ಬಂದು ನೋಡಿ ಬೆರಗಾಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಕ್ಕಿಗಳ ಚಿತ್ರದ ಪುಸ್ತಕವೊಂದನ್ನು ಕೈಗಿಟ್ಟಳು. ಅಂದಿನಿಂದ ಹುಡುಗಿಗೆ ಓದಿನ ಹುಚ್ಚು. ಈಗ ಕಿಟಕಿಯ ಪಕ್ಕದಲ್ಲಿ ಅದೇ ಹುಡುಗಿ ಅದೇ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಇಡುತ್ತಿದ್ದಳು, ಕೈ ಬೀಸಿ ತೋರಿಸುತ್ತಿದ್ದಳು, ಬ್ಲೀಚಿನ ವಾಸನೆಯನ್ನೂ ಬಿಟ್ಟಿರಲಿಲ್ಲ. ರೊಂಡಾಳಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಕದ್ದಳು ಎನ್ನಲೇ? ಮಲಗಿಸುವಾಗ ಕೊಟ್ಟದ್ದನ್ನು ಕದ್ದದ್ದು ಎನ್ನುವುದು ಹೇಗೆ? ಅಲ್ಲದೆ ಅದರ ಕೊನೆ ರೊಂಡಾ ಮಾಡಿದ್ದು. ಹಕ್ಕಿ ಪುಸ್ತಕ ಇರಲೇ ಇಲ್ಲ. ಮಗುವಿಗೆ ಒಳ್ಳೆಯ ನಿದ್ದೆ ಬರಲಿ ಎಂದು ಹೊಲಿದು ಸೇರಿಸಿದ್ದು. ನಿಜವಾಗಿ ನಡೆದದ್ದನ್ನು ಅವಳು ವೇಯ್ನ್‌ಗೂ ಹೇಳಿರಲಿಲ್ಲ. ಹೇಳಲು ಅಂಥದ್ದೇನೂ ಇಲ್ಲ ಎಂದೇ ಅಂದುಕೊಂಡಿದ್ದಳು, ಆದರೆ ಬ್ಲೀಚಿನ ವಾಸನೆ ಬಂದಾಗಲೆಲ್ಲ ಎಡಗೆನ್ನೆ ತನ್ನಷ್ಟಕ್ಕೆ ಬಿಸಿಯಾಗುತ್ತಿತ್ತು. ಈಗಲೂ ಆಯಿತು.

"ಎಷ್ಟು ಚೆನ್ನಾಗಿದೆ!" ಅಂದರು ಪ್ರೆಂಟಿಸ್. "ಯಾವ ಸರೋವರ?"

ಮಾರಿಟ್ ಹೇಳಿದಳು.

"ಅರೆ! ನಮ್ಮನೆಯವರೆಲ್ಲ ಪ್ರತಿ ಬೇಸಿಗೆ ಅಲ್ಲಿಗೇ ಹೋಗ್ತಿದ್ದಿದ್ದು. ದಡದಲ್ಲಿರೋ ಒಂದೊಂದು ಬಾಗಿಲೂ ನನಗೆ ಗೊತ್ತು. ಯಾವ ಮೋಟೆಲ್ ಅದು?"

ಕತೆಯಲ್ಲಿ ಮೋಟೆಲಿಗೆ ಹೆಸರಿರಲಿಲ್ಲ. ರೊಂಡಾ ಎಂದೂ ಹೇಳಿರಲಿಲ್ಲ. ಮಕ್ಕಳ ಕತೆಯಲ್ಲಿ ಅದಕ್ಕೇನು ಕೆಲಸ. "ಅದು... ಚಿಕ್ಕದು ಸರ್. ಹೆಸರು..." ಮಗಳ ಕೊರಳಿನ ಬುಡದಲ್ಲಿ ಕೆಂಪು ಏರುವುದು ರೊಂಡಾಳಿಗೆ ಕಂಡಿತು. ಒಂದನೇ ತರಗತಿಯ ನಾಟಕದಲ್ಲಿ ಮಾತು ಮರೆತು ನಿಂತಾಗ ಏರಿದ್ದ ಕೆಂಪು ಇದೇ. ಆಗ ಮೊದಲ ಸಾಲಿನಿಂದ ರೊಂಡಾ ತುಟಿ ಆಡಿಸಿ ಹೇಳಿಕೊಟ್ಟಿದ್ದಳು, ಮಗು ಹಿಡಿದುಕೊಂಡು ಮುಂದೆ ಹೋಗಿತ್ತು. ಯೋಚಿಸಲು ಹೊತ್ತೇ ಇರಲಿಲ್ಲ, ಅಥವಾ ಇತ್ತು, ಅವಳು ಯೋಚಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ಕಡೆ ಯಾರೂ ಇಲ್ಲದ ಫೋನಿಗೆ, ಗೋಡೆ ನೋಡುತ್ತ, ದೊಡ್ಡ ದನಿಯಲ್ಲಿ, "ಹೂಂ ಕಣೋ... ಸಿಲ್ವರ್ ಪರ್ಚ್. ಸಿಲ್ವರ್ ಪರ್ಚ್ ಮೋಟೆಲ್. ಹೌದು, ಅದೇ," ಅಂದಳು.

ಮಾರಿಟ್ ಹಿಡಿದುಕೊಂಡಳು. "ಸಿಲ್ವರ್ ಪರ್ಚ್, ಸರ್."

ರೊಂಡಾಳ ಎದೆಯೊಳಗೆ ಏನೋ ಬೆಚ್ಚಗೆ ಹರಡಿತು. ಅರ್ಜಿಗಳ ಈ ಇಡೀ ಹಂಗಾಮಿನಲ್ಲಿ ತಾನು ಮಾಡಿದ ಒಂದು ಕೆಲಸ ಇಂದು ನೆರವಾಯಿತು ಎಂದುಕೊಂಡಳು. ಅದು ಒಂದು ಉಸಿರಿನಷ್ಟು ಹೊತ್ತು ಇತ್ತು.

ಪ್ರೆಂಟಿಸ್ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, ಸಿಟ್ಟಿದ್ದರೆ ವಾಸಿಯಿತ್ತು ಅನ್ನುವಂಥ ದನಿಯಲ್ಲಿ, "ಸಿಲ್ವರ್ ಪರ್ಚನ್ನ ನೀನು ಹುಟ್ಟೋಕೆ ಎಷ್ಟೋ ಮುಂಚೇನೇ ಕೆಡವಿದ್ರಲ್ಲ ಮಗು. ಈಗಲ್ಲಿ ದೋಣಿ ಕಟ್ಟೋ ಜಾಗ ಇದೆ," ಅಂದರು.

ಫೋನು ಇನ್ನೂ ರೊಂಡಾಳ ಕಿವಿಯಲ್ಲೇ ಇತ್ತು. ಕೆಳಗಿಡಲು ಕೈ ಒಪ್ಪಲಿಲ್ಲ. ಕೆಡವಿದ್ದು ತನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಆ ಚಳಿಗಾಲ ಅಮ್ಮನಿಗೆ ಬೇರೆ ಕೆಲಸ ಸಿಗಲಿಲ್ಲವೆಂಬುದೂ ನೆನಪಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ಗೊತ್ತಿರಲಿಲ್ಲ. ತಾನು ಸುಮ್ಮನಿದ್ದಿದ್ದರೆ ಮಗಳು ಹೆಸರು ನೆನಪಿಲ್ಲ ಎಂದು ಜಾರಿಕೊಳ್ಳುತ್ತಿದ್ದಳು, ಮುದುಕರು ಬಿಟ್ಟುಬಿಡುತ್ತಿದ್ದರು. ಓಡಿ ಹೋಗಿ ಹೆಸರು ಕೈಗಿಟ್ಟವಳು ತಾನು. ನೆರಳೂ ಬೀಳಬಾರದು ಎಂದಿದ್ದರಲ್ಲ, ಬಿದ್ದದ್ದು ನೆರಳಲ್ಲ, ಇಡೀ ಮೈಯೇ ಮಗುವಿನ ಮೇಲೆ ಬಿದ್ದಿತ್ತು. ಎದ್ದು ಹೋಗಿ ಹೇಳಿಬಿಡಲೇ, ತಪ್ಪು ನನ್ನದು, ನಾನು ಇವಳ ತಾಯಿ ಎಂದು? ಆಗ ನನಗ್ಯಾರೂ ಇಲ್ಲ ಎಂದದ್ದಕ್ಕೆ ಏನು ಹೇಳುವುದು, ನಾನೂ ಮಾರಿಟ್ ಎಂದದ್ದಕ್ಕೆ? ಪ್ರತಿಯೊಂದು ದಾರಿಯ ತುದಿಯಲ್ಲೂ ಮಗಳು ಇನ್ನಷ್ಟು ಚಿಕ್ಕವಳಾಗಿ ನಿಂತಿದ್ದಳು.

"ಅದು ನನ್ನ ಕತೆ ಅಲ್ಲ ಸರ್," ಅಂದಳು ಮಾರಿಟ್. ದನಿ ಎತ್ತಿರಲಿಲ್ಲ; ಪ್ರೆಂಟಿಸ್ ಮುಂದಕ್ಕೆ ಬಾಗಬೇಕಾಯಿತು. "ನಮ್ಮಮ್ಮಂದು. ನನಗೆ ಹೇಳ್ಕೊಳ್ಳೋಕೆ ಏನೂ ಇರ್ಲಿಲ್ಲ, ಅದಕ್ಕೆ."

"ಹೂಂ."

"ಅದರ ಕೊನೇನೂ ಹಾಗಿಲ್ಲ. ಪುಸ್ತಕ ಗಿಸ್ತಕ ಯಾರೂ ಕೊಡ್ಲಿಲ್ಲ. ಅಜ್ಜಿ ಸಾಯೋಕೆ ಮುಂಚೆ ಹೇಳಿದ್ರು. ಆ ಹೆಂಗಸು ಅಮ್ಮನ್ನ ಹಿಗ್ಗಾಮುಗ್ಗಾ ಬೈದಳಂತೆ. ಕೆಲಸದವಳ ಮಗಳು ನನ್ನ ಪುಸ್ತಕ ಮುಟ್ಟೋದಾ ಅಂತ. ಅಜ್ಜಿ ಅಮ್ಮನ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದ್ರಂತೆ. ಅಮ್ಮ ನನಗೋಸ್ಕರ ಅದನ್ನ ಬದಲಾಯಿಸಿ ಹೇಳ್ತಿದ್ಲು. ನನಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ." ಲೋಟದ ಮುಚ್ಚಳ ಒತ್ತಿ ಕೂರಿಸಿದಳು. "ಗೊತ್ತಿರ್ಲಿಲ್ಲ."

"ನಿಮ್ಮಮ್ಮ ಈಗ ಎಲ್ಲಿದ್ದಾರೆ?"

ಮಾರಿಟ್ ತಲೆ ಎತ್ತಿ ಪ್ರೆಂಟಿಸರ ಭುಜದ ಮೇಲಿಂದ ನೇರವಾಗಿ ರೊಂಡಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೇ, ಬೇಡಿಕೆಯಿತ್ತೇ, ಅದನ್ನು ರೊಂಡಾ ಆಮೇಲೆ ಎಷ್ಟು ಸಲ ತೆಗೆದು ನೋಡಿದರೂ ಹೇಳಲಾಗಲಿಲ್ಲ.

"ಕಾರಲ್ಲಿದ್ದಾಳೆ," ಅಂದಳು. "ಕಾಯ್ತಿದ್ದಾಳೆ."

ಪ್ರೆಂಟಿಸ್ ತಲೆಯಾಡಿಸಿದರು. "ಸರಿ ಹಾಗಾದ್ರೆ. ಅವರ ಕತೆ ಆಯ್ತು. ಇನ್ನೂ ಹೊತ್ತಿದೆ. ನಿಂದು ಏನಾದ್ರೂ ಹೇಳು. ಚಿಕ್ಕದಾದ್ರೂ ಅಡ್ಡಿಯಿಲ್ಲ."

ರೊಂಡಾ ಎದ್ದಳು. ಕುರ್ಚಿ ಕಿರುಗುಟ್ಟಿತು. ಫೋನನ್ನು ಚೀಲಕ್ಕೆ ಹಾಕಿ, ಅರ್ಧ ಕುಡಿದ ಕಾಫಿಯನ್ನು ಕಸದ ಡಬ್ಬಿಗೆ ಹಾಕಿ ಬಾಗಿಲ ಕಡೆ ನಡೆಯುತ್ತಿದ್ದಾಗ ಪ್ರೆಂಟಿಸ್ ತಿರುಗಿ ಕೈ ಎತ್ತಿದರು. "ಹೋಗಿ ಬನ್ನಿ, ಮಾರಿಟ್." ಅದು ಬರೀ ಮರ್ಯಾದೆಯ ಮಾತೋ, ಎಲ್ಲ ತಿಳಿದು ಹೇಳಿದ್ದೋ. ರೊಂಡಾ ನಕ್ಕಳು, ಮುಖ ಯಾವ ಆಕಾರಕ್ಕೆ ಬಂತೋ ಅವಳಿಗೆ ಕಾಣಲಿಲ್ಲ. ಹಿಂದಿನಿಂದ ಮಗಳ ದನಿ, "ಒಂದು ಇದೆ ಸರ್. ಅದನ್ನ ನಾನು ಯಾರಿಗೂ..." ಎಂದು ಶುರುವಾದದ್ದು ಕೇಳಿತು. ಬಾಗಿಲ ಹಿಡಿಯ ಮೇಲೆ ಕೈ ಇತ್ತು. ಇನ್ನೊಂದು ಮಾತು ಕೇಳಿಸಿಕೊಳ್ಳುವಷ್ಟು ಹೊತ್ತು ನಿಂತರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಬಾಗಿಲನ್ನು ಎಳೆದುಬಿಟ್ಟಿತು. ಚಳಿ ಮುಖಕ್ಕೆ ಬಡಿಯಿತು, ದನಿ ಗಾಜಿನ ಹಿಂದೆ ಉಳಿಯಿತು.

ಈಗ ಅವಳು ಕಾರಿನಲ್ಲಿ ಇದ್ದಳು, ಮಗಳು ಹೇಳಿದ ಜಾಗದಲ್ಲಿ. ಯಾರಿಗೂ ಹೇಳದ್ದು. ಯಾವುದು? ಏನೂ ಆಗಿಲ್ಲ ಅಂದಿದ್ದಳಲ್ಲ. ಈಜುಕೊಳವೇ, ಆ ಗೆಳತಿಯೇ, ಕಳೆದ ವರ್ಷ ಎರಡು ವಾರ ರೂಮಿನಿಂದ ಹೊರಬರದೆ ಹೊಟ್ಟೆನೋವು ಎಂದಿದ್ದೇ? ಹೊಟ್ಟೆನೋವಿಗೆ ಡಾಕ್ಟರು, ಮಾತ್ರೆ, ಬಿಸಿನೀರಿನ ಚೀಲ ಎಲ್ಲ ಮಾಡಿದ್ದಳು, ಕೇಳಿದ್ದಳೇ? ಏನಾಯಿತು ಎಂದು ಕೇಳಿದ್ದು ನೆನಪಾಯಿತು, ಉತ್ತರಕ್ಕೆ ಕಾದದ್ದು ನೆನಪಾಗಲಿಲ್ಲ. ಕಿಟಕಿಯಲ್ಲಿ ಪ್ರೆಂಟಿಸರ ಕಂದು ಬೆನ್ನು ಅಲುಗಾಡದೆ ಬಾಗಿತ್ತು. ಮಾರಿಟ್ ಕಾಣಿಸುತ್ತಿರಲಿಲ್ಲ. ಉಸಿರಿಗೆ ಗಾಜು ಮಂಜಾಗುತ್ತ ಬಂದು ಕೊನೆಗೆ ಬೆನ್ನೂ ಕಾಣದಾಯಿತು. ರೊಂಡಾ ಒರೆಸಲಿಲ್ಲ.

ಮಾರಿಟ್ ಬಂದು ಪಕ್ಕದ ಸೀಟಿನಲ್ಲಿ ಕೂತಾಗ ಅವಳ ಕಣ್ಣಿನ ಸುತ್ತ ಕೆಂಪಾಗಿತ್ತು, ಅತ್ತಿದ್ದಳೋ, ಚಳಿಯೋ.

"ಹಸಿವಾ?" ಅಂದಳು ರೊಂಡಾ.

"ಯಾಕೆ ಬಂದೆ ಒಳಗೆ?"

"ಬಾತ್‌ರೂಮಿಗೆ."

"ನನ್ನ ಹೆಸರು ಯಾಕೆ ಕೊಟ್ಟೆ?"

"ಗೊತ್ತಿಲ್ಲ ಕಣೆ. ಬಾಯಿಗೆ ಅದೇ ಬಂತು."

ಮಾರಿಟ್ ಬೆಲ್ಟ್ ಎಳೆದು ಹಾಕಿಕೊಂಡಳು. "ಫೋನಲ್ಲಿ ಅದೇನ್ ನಾಟಕ ಅಮ್ಮಾ. 'ಹೂಂ ಕಣೋ' ಅಂತೆ. ಯಾರೇ ಅವನು?" ಎನ್ನುತ್ತ ಮೂಗಿನಲ್ಲಿ ನಕ್ಕಳು, ನಗು ಅರ್ಧಕ್ಕೇ ಒಡೆಯಿತು. "ಅವರು ಏನ್ ಬರೀತಾರೋ ಗೊತ್ತಿಲ್ಲ. ಬಾಗಿಲವರೆಗೂ ಬಂದು ಕೈ ಕುಲುಕಿದ್ರು. ಎಲ್ಲರಿಗೂ ಕುಲುಕ್ತಾರೇನೋ."

ಹೋಯಿತು, ಆ ಕಾಲೇಜು ತನ್ನಿಂದಲೇ ಹೋಯಿತು ಅಂದುಕೊಂಡಳು ರೊಂಡಾ. ಕ್ಷಮಿಸು ಎನ್ನಬೇಕು ಎಂದು ಬಾಯಿ ತೆರೆದರೆ ಬಂದದ್ದು ಬೇರೆ.

"ಅವಳು ಬೈಲಿಲ್ಲ," ಅಂದಳು.

"ಯಾರು?"

"ಆ ರೂಮಿನ ಹೆಂಗಸು. ಅಜ್ಜಿ ನಿನಗೆ ಹೇಳಿದ ಹಾಗಲ್ಲ ಅದು ಆಗಿದ್ದು. ನಾನು ಹೊದಿಕೆ ಹಾಕೋದು ಬಿಟ್ಟು ಹಾಸಿಗೆ ಮೇಲೆ ಕೂತ್ಕೊಂಡು ಓದ್ತಿದ್ದೆ. ಶೂ ಕೂಡ ಬಿಚ್ಚಿರ್ಲಿಲ್ಲ. ಆ ಹೆಂಗಸು ಬಂದ್ಲು. ಅವಳ ಹಿಂದೇನೇ ಅಮ್ಮ ಬಂದ್ಲು. ಅವಳು ಬಾಯಿ ತೆಗೆಯೋಕೆ ಮುಂಚೇನೇ ಅಮ್ಮ ನನ್ನ ಕೆನ್ನೆಗೆ ಹೊಡೆದ್ಲು. ದಡ್ಡ ಹುಡುಗಿ ಮೇಡಂ, ಏನೂ ತಿಳಿಯಲ್ಲ ಇದಕ್ಕೆ, ಇನ್ನೊಂದ್ಸಲ ಹೀಗಾಗಲ್ಲ ಅಂತ ಅವಳೇ ಕೂಗಾಡಿದ್ಲು. ಆ ಹೆಂಗಸು ಪರವಾಗಿಲ್ಲ ಬಿಡಿ, ಪರವಾಗಿಲ್ಲ ಬಿಡಿ ಅಂತಾನೇ ಇದ್ಲು. ಅಮ್ಮಂಗೆ ಕೇಳಿಸ್ಲೇ ಇಲ್ಲ."

ಮಾರಿಟ್ ಮಂಜಾದ ಗಾಜನ್ನು ನೋಡುತ್ತಿದ್ದಳು. "ಕೈ ಹಿಡ್ಕೊಂಡು ಹೊರಗೆ ಬಂದೆ ಅಂದ್ಲು ಅಜ್ಜಿ."

"ಹಿಡ್ಕೊಂಡಿದ್ಲು. ಅದು ನಿಜ. ತುಂಬ ಬಿಗಿಯಾಗಿ."

"ಅಜ್ಜಿಗೆ ಭಯ ಆಗಿತ್ತು."

"ಹೂಂ. ಕೆಲಸ ಹೋದ್ರೆ ನನ್ನನ್ನ ಸಾಕೋದು ಹೇಗೆ ಅಂತ. ನನಗೋಸ್ಕರಾನೇ."

ನನಗೋಸ್ಕರ ಎನ್ನುವಾಗ ದನಿ ಎಲ್ಲಿಗೋ ಜಾರಿತು. ಈ ಮಾತನ್ನು ತಾನು ಅಮ್ಮನ ಪರವಾಗಿ ಹೇಳಿದೆನೋ, ತನ್ನ ಪರವಾಗಿ ಹೇಳಿಕೊಂಡೆನೋ ಎಂದು ರೊಂಡಾಳಿಗೆ ದಿಗಿಲಾಯಿತು. ಕೀಲಿ ತಿರುಗಿಸಿದಳು. ಬಿಸಿಗಾಳಿ ಬರಲು ಶುರುವಾಗಿ ಗಾಜಿನ ಮಂಜು ಬುಡದಿಂದ ಕರಗತೊಡಗಿತು. ಮಾರಿಟ್ ಕೈಗಳನ್ನು ಗಾಳಿಯ ಬಾಯಿಗೆ ಒಡ್ಡಿದಳು.

"ನಾನು ಒಳಗೆ ಏನ್ ಹೇಳ್ದೆ ಅಂತ ಕೇಳಲ್ವಾ ನೀನು?"

ರೊಂಡಾಳ ಇಡೀ ಮೈ ಕೇಳುತ್ತಿತ್ತು. ಹದಿನೇಳು ವರ್ಷ ಮುಚ್ಚಿದ ಬಾಗಿಲುಗಳಿಗೆ ಕಿವಿ ಹಚ್ಚಿದ ಮೈ ಅದು. ಅಡಿಗೆಮನೆಯ ಮೇಜು ನೆನಪಾಯಿತು, ತೆರೆದ ಬಾಯಿಗೆ ತಾನು ತುರುಕಿದ ಮಾತುಗಳೆಲ್ಲ ನೆನಪಾದವು. ಇಂದು ಒಂದು ದಿನ, ಇದೊಂದೇ ದಿನ ಕೇಳದೆ ಇರಬೇಕು.

"ಬೇಡ," ಅಂದಳು. "ಅದು ನಿಂದು. ನಿನ್ನ ಹತ್ರಾನೇ ಇರಲಿ."

ಹೇಳಿ, ಸರಿಯಾದದ್ದನ್ನು ಹೇಳಿದೆ ಎಂಬ ನಿರಾಳದಲ್ಲಿ ಮಗಳ ಕಡೆ ತಿರುಗಿದಳು. ಮಾರಿಟ್ ಅವಳನ್ನೇ ನೋಡುತ್ತಿದ್ದಳು. ತುಟಿಗಳು ಮೊದಲ ಅಕ್ಷರಕ್ಕೆಂದು ಆಗಲೇ ಬಿಡಿಸಿಕೊಂಡಿದ್ದವು. ಅವು ನಿಧಾನವಾಗಿ ಮತ್ತೆ ಕೂಡಿಕೊಂಡವು. "ಸರಿ," ಅಂದಳು ಮಾರಿಟ್. ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಪಕ್ಕದ ಕಿಟಕಿಯ ಕಡೆ ಮುಖ ಮಾಡಿದಳು. ಹಿಂದಿನ ಕಾರಿನವನು ಜಾಗಕ್ಕಾಗಿ ಕಾಯುತ್ತ ಹಾರ್ನ್ ಒತ್ತಿದ. ರೊಂಡಾ ಗೇರಿನ ಮೇಲೆ ಕೈಯಿಟ್ಟವಳು ಹಾಗೇ ಕೂತಿದ್ದಳು.